ಖಾಲಿ ಗೆರೆಯ ಮೇಲೆ ಹೇಗನ್

ಟಾಮರಾಕ್ ಕೌಂಟಿಯಲ್ಲಿ ಚುನಾವಣೆ ಗೆಲ್ಲಬೇಕಾದರೆ ಹೇಗನ್ ಆಗಿದ್ದರೆ ಸಾಕಿತ್ತು. ಷೆರಿಫ್ ಹೇಗನ್, ಖಜಾಂಚಿ ಹೇಗನ್, ಜಮೀನಿನ ಪತ್ರ ನೋಂದಾಯಿಸುವವನು ಹೇಗನ್, ಸತ್ತವರು ಹೇಗೆ ಸತ್ತರೆಂದು ಬರೆದುಕೊಡುವ ಕಾರೊನರ್ ಹೇಗನ್, ಇವರೆಲ್ಲರ ಮೇಲೆ ಕೌಂಟಿ ಮಂಡಳಿಯ ಅಧ್ಯಕ್ಷ ಸೆಲ್ಮರ್ ಹೇಗನ್. ಹಾಗಂತ ಇವರು ಯಾರೂ ಒಬ್ಬರಿಗೊಬ್ಬರು ನೆಂಟರಲ್ಲ. ನಮ್ಮ ಮುತ್ತಜ್ಜಂದಿರ ನಾರ್ವೆಯಲ್ಲಿ ಹೇಗನ್ ಎಂದರೆ ಹಿತ್ತಲು. ಹಿತ್ತಲಿದ್ದವರೆಲ್ಲ ಹಡಗು ಹತ್ತುವಾಗ ಅದನ್ನೇ ಹೆಸರಾಗಿ ಬರೆಸಿಕೊಂಡು ಬಂದರು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಮ್ಮ ಮತದಾರರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನೂ ಹೇಗನ್. ಆರ್ಡನ್ ಹೇಗನ್. ಆದರೆ ಯಾವ ಚುನಾವಣೆಗೂ ನಿಂತವನಲ್ಲ. ಕೌಂಟಿ ಕ್ಲರ್ಕಿನ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕ. ಕೌಂಟಿ ಕ್ಲರ್ಕ್ ಎಂದರೆ ಬರೀ ಗುಮಾಸ್ತೆಯಲ್ಲ. ಎರಡು ವರ್ಷಕ್ಕೊಮ್ಮೆ ಜನ ಆರಿಸುವ ಹುದ್ದೆ. ಮದುವೆಯ ಪರವಾನಗಿ, ನಾಯಿಯ ಲೈಸೆನ್ಸು, ಮಂಡಳಿಯ ನಡಾವಳಿ, ಚುನಾವಣೆ, ಎಲ್ಲ ಅಲ್ಲೇ. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದವರು ಡಾಲಿ ಹೇಗನ್. ಆಕೆಯ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟು. ಕಳೆದುಹೋದ ಕಾಗದವನ್ನು ಯಾರಾದರೂ ಕೇಳಿದರೆ, ಆಕೆ ಎದ್ದು ಹೋಗಿ ಮೂರನೆಯ ಕಪಾಟಿನಿಂದ ತಂದುಕೊಡುತ್ತಿದ್ದರು, ಕನ್ನಡಕ ಕೂಡ ಹಾಕಿಕೊಳ್ಳದೆ.

೧೯೮೬ರ ಮಾರ್ಚಿನಲ್ಲಿ ಡಾಲಿಗೆ ವಿಚ್ಛೇದನವಾಯಿತು. ಗಂಡ ಡ್ವೇನ್ ಹೇಗನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಕುಡುಕನಲ್ಲ, ಹೊಡೆಯುವವನಲ್ಲ, ಬೇರೆ ಹೆಂಗಸಿನ ಗೊಡವೆಯೂ ಇರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ಏಳು ವರ್ಷದಿಂದ ಮನೆಯಲ್ಲಿ ಅವನ ಬಾಯಿಂದ ಹೊರಟದ್ದು ಹವಾಮಾನ ಮತ್ತು ಹಾಲು ಎಷ್ಟು ಡಿಗ್ರಿ ತಣ್ಣಗಿದೆ ಎಂಬುದು ಮಾತ್ರ ಎಂದು ಡಾಲಿ ನ್ಯಾಯಾಧೀಶರ ಮುಂದೆ ಹೇಳಿದರು. ಡ್ವೇನ್ ಅದನ್ನು ಅಲ್ಲಗಳೆಯಲಿಲ್ಲ. ಸಾಮಾನು ಹಂಚುವಾಗ ಒಂದೇ ಒಂದು ತಕರಾರು ಬಂತು. ಅವರ ಶೆಡ್ಡಿನಲ್ಲಿ ನೂರ ನಲವತ್ತು ಚುನಾವಣಾ ಫಲಕಗಳಿದ್ದವು. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ 'ಹೇಗನ್' ಎಂದಷ್ಟೇ ಬರೆದದ್ದು. ಮುಂದೆ ಸ್ವಂತ ಹೆಸರಿಲ್ಲ, ಕೆಳಗೆ ಹುದ್ದೆಯಿಲ್ಲ. ಎಲ್ಲ ಹೇಗನ್‌ಗಳೂ ಸರದಿಯ ಮೇಲೆ ಅವನ್ನೇ ಒಯ್ದು ರಸ್ತೆ ಬದಿಯಲ್ಲಿ ನೆಡುತ್ತಿದ್ದರು. ಫಲಕಗಳು ಡ್ವೇನ್‌ಗೆ ಹೋದವು, ದೊಡ್ಡ ಫ್ರೀಜರ್ ಡಾಲಿಗೆ ಬಂತು.

ಅದರ ಮಾರನೆಯ ದಿನವೇ ಡಾಲಿ ತಮ್ಮ ಹುಟ್ಟು ಹೆಸರನ್ನು ವಾಪಸು ಪಡೆಯುವ ಅರ್ಜಿ ಹಾಕಿದರು. ಆ ಹೆಸರು ಡಲೋರಿಸ್ ಪ್ಶಿಬಿಲ್ಸ್ಕಿ. ಇಂಗ್ಲಿಷಿನಲ್ಲಿ ಹತ್ತು ಅಕ್ಷರ, ಅದರಲ್ಲಿ ಮೊದಲ ಮೂರು ಒಂದರ ಮೇಲೊಂದು ಬಿದ್ದ ಸೌದೆಯ ಹಾಗೆ. ಅಪ್ಪ ಪೋಲೆಂಡಿನ ಕಡೆಯವನು, ಪಕ್ಕದ ಕೌಂಟಿಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದವನು.

ಸೆಲ್ಮರ್ ಓಡಿ ಬಂದ. ಕೌಂಟರಿನ ಮೇಲೆ ಎರಡೂ ಕೈ ಊರಿ ಹೇಳಿದ, "ಡಾಲಿ, ನೋಡು, ನವೆಂಬರಿನ ಚುನಾವಣೆ ಮುಗೀಲಿ. ಆಮೇಲೆ ನಿನಗೆ ಯಾವ ಹೆಸರು ಬೇಕೋ ಇಟ್ಕೋ. ರಾಣಿ ಅಂತ ಬೇಕಾದ್ರೂ ಇಟ್ಕೋ."

"ನನಗೆ ರಾಣಿ ಬೇಡ ಸೆಲ್ಮರ್. ನನ್ನದು ನನಗೆ ಸಾಕು."

"ಅದನ್ನ ಹೇಳೋಕೇ ಬರಲ್ವಲ್ಲ ಮಾರಾಯ್ತಿ."

"ಬಾಯಿ ಕಲಿಯುತ್ತೆ. ನೀನು ಆ ಲೋಳೆ ಲೋಳೆ ಲ್ಯೂಟಫಿಸ್ಕ್ ಮೀನು ತಿನ್ನೋಕೆ ಕಲೀಲಿಲ್ವಾ? ಅದಕ್ಕಿಂತ ಕಷ್ಟ ಏನಲ್ಲ."

ಸೆಲ್ಮರ್ ನನ್ನ ಕಡೆ ನೋಡಿದ. ನಾನು ನಾಯಿಯ ಲೈಸೆನ್ಸುಗಳನ್ನು ಜೋಡಿಸುವುದರಲ್ಲಿ ಮುಳುಗಿದೆ.

ಆ ವರ್ಷವೂ ಡಾಲಿಯ ಎದುರು ಯಾರೂ ನಾಮಪತ್ರ ಹಾಕಲಿಲ್ಲ. ಎದುರಾಳಿಯೇ ಇಲ್ಲದ ಮೇಲೆ ಪ್ರಚಾರವೇಕೆ ಎಂದು ಆಕೆ ಸುಮ್ಮನಿದ್ದರು. ವಾರಪತ್ರಿಕೆಯಲ್ಲಿ ಹೆಸರು ಬದಲಾವಣೆಯ ಎರಡು ಸಾಲಿನ ಪ್ರಕಟಣೆ ಬಂದಿತ್ತು, ಉಪಯೋಗಿಸಿದ ಟ್ರ್ಯಾಕ್ಟರ್ ಟೈರುಗಳ ಜಾಹೀರಾತಿನ ಕೆಳಗೆ. ಓದಿದವರು ಓದಿದರು.

ಮತಪತ್ರದಲ್ಲಿ ಪ್ರತಿ ಹುದ್ದೆಯ ಕೆಳಗೂ ಒಂದು ಖಾಲಿ ಗೆರೆ ಇರುತ್ತದೆ. ಅಚ್ಚಾದ ಹೆಸರು ಬೇಡವಾದರೆ ಬೇಕಾದವರ ಹೆಸರನ್ನು ಅಲ್ಲಿ ಬರೆಯಬಹುದು. ಸಾಮಾನ್ಯವಾಗಿ ಅಲ್ಲಿ ಬರುವುದು ಯಾರದೋ ಎಮ್ಮೆಯಂಥ ಭಾವಮೈದುನನ ಹೆಸರು ಅಥವಾ ನಾಯಿಯ ಹೆಸರು. ಮತದಾನದ ಮಾರನೆಯ ಬೆಳಿಗ್ಗೆ ಹಳ್ಳಿಗಳಿಂದ ಎಣಿಕೆಯ ಹಾಳೆಗಳು ಬಂದವು. ಕ್ಲರ್ಕಿನ ಹುದ್ದೆಯ ಹಾಳೆಗಳನ್ನು ಡಾಲಿ ಒಂದೊಂದಾಗಿ ಓದಿದರು, ನಾನು ಯಂತ್ರದಲ್ಲಿ ಕೂಡಿಸಿದೆ. ನಾಲ್ಕನೆಯ ಹಳ್ಳಿಯ ಹೊತ್ತಿಗೆ ಆಕೆಯ ದನಿ ನಿಧಾನವಾಯಿತು. ಕೊನೆಯಲ್ಲಿ ನಾನು ಯಂತ್ರದ ಕಾಗದವನ್ನು ಹರಿದು ಮುಂದಿಟ್ಟೆ. ಅಚ್ಚಾದ ಪ್ಶಿಬಿಲ್ಸ್ಕಿ ಹೆಸರಿಗೆ ೧,೬೪೪. ಖಾಲಿ ಗೆರೆಯ ಮೇಲೆ 'ಹೇಗನ್' ಎಂದು ಬರೆದವರು ೧,೯೦೭.

"ಇನ್ನೊಂದ್ಸಲ ಕೂಡಿಸು ಆರ್ಡನ್," ಎಂದರು ಡಾಲಿ.

ಇನ್ನೊಂದು ಸಲವೂ ಅಷ್ಟೇ ಬಂತು.

ಒಂಬತ್ತು ಗಂಟೆಗೆ ಬಾಗಿಲು ತೆರೆಯುತ್ತಿದ್ದಂತೆ ಎಲ್ರಾಯ್ ಸ್ಟೆನ್ಸ್‌ರುಡ್ ಎಂಬ ರೈತ ಬೇಟೆಯ ಲೈಸೆನ್ಸಿಗೆ ಬಂದ. ಟೊಪ್ಪಿ ತೆಗೆದು ಹಲ್ಲು ಕಿರಿದ. "ಡಾಲಿಯಮ್ಮ, ನೀವೇನೂ ಯೋಚನೆ ಮಾಡ್ಬೇಡಿ. ಯಾರೋ ಪೋಲಿಷ್ ಹೆಂಗಸನ್ನ ನಿಮ್ಮ ಜಾಗಕ್ಕೆ ನುಗ್ಗಿಸೋಕೆ ನೋಡಿದ್ರು. ನಮ್ಮ ಕಡೆಯವರೆಲ್ಲ ಸೇರಿ ಅವಳನ್ನ ಅಟ್ಟಿಬಿಟ್ವಿ."

"ಆ ಹೆಂಗಸು ನಾನೇ ಎಲ್ರಾಯ್."

ಎಲ್ರಾಯ್ ಟೊಪ್ಪಿಯನ್ನು ಮತ್ತೆ ತಲೆಗೇರಿಸಿಕೊಂಡ. "ಹಾಗಾದ್ರೆ ನಿಮ್ಮ ಎದುರಿಗೆ ಯಾಕೆ ನಿಂತ್ರಿ?" ಎಂದು ಕೇಳಿದ.

ಗುರುವಾರ ಮತಪರಿಶೀಲನೆಯ ಸಭೆ ಸೇರಿತು. ಅಭ್ಯರ್ಥಿಯಾದ್ದರಿಂದ ಡಾಲಿ ಮೇಜಿನಿಂದ ದೂರದ ಕುರ್ಚಿಯಲ್ಲಿ ಕೂರಬೇಕಾಯಿತು. ಮೇಜಿನ ಆ ಕಡೆ ಸೆಲ್ಮರ್ ಮತ್ತು ಇನ್ನಿಬ್ಬರು ಹೇಗನ್‌ಗಳು, ಅವರ ಪಕ್ಕದಲ್ಲಿ ಕೌಂಟಿಯ ವಕೀಲ ರೋಜರ್ ಕ್ವಾಮ್. ಕ್ವಾಮ್ ಪಾಪ, ಹೇಗನ್ ಅಲ್ಲದ ಕಾರಣಕ್ಕೆ ಚುನಾವಣೆಗೆ ನಿಲ್ಲದೆ ನೇಮಕದ ಕೆಲಸದಲ್ಲಿ ಇದ್ದವನು.

"ಕಾನೂನು ಸುಲಭ," ಎಂದ ಕ್ವಾಮ್. "ಮತದಾರನ ಮನಸ್ಸಲ್ಲಿ ಏನಿತ್ತೋ ಅದೇ ಮತ. ಬರೆದವರೆಲ್ಲ ಡಾಲಿಯನ್ನೇ ಮನಸ್ಸಲ್ಲಿಟ್ಟು ಬರೆದಿದ್ದಾರೆ, ಅದು ಎಲ್ರಿಗೂ ಗೊತ್ತು. ಡಾಲಿ, ನೀವು ಇಲ್ಲೊಂದು ಸಹಿ ಹಾಕಿ. 'ಹೇಗನ್ ಎಂದು ಕರೆಯಲ್ಪಡುವ ವ್ಯಕ್ತಿ ನಾನೇ.' ಎರಡೂ ಸೇರಿ ಮೂರೂವರೆ ಸಾವಿರ ಮತ. ಇತಿಹಾಸದಲ್ಲೇ ಇಂಥ ಗೆಲುವು ಇಲ್ಲ."

ಡಾಲಿ ಕಾಗದ ಓದಿದರು. ಪೆನ್ನು ಕೈಗೆತ್ತಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಅದನ್ನು ಕಾಗದದ ಮೇಲೆ ಅಡ್ಡ ಇಟ್ಟರು.

"ಇದು ಸುಳ್ಳು. ನಾನು ಪ್ರಮಾಣ ಮಾಡಿ ಸುಳ್ಳು ಬರೆಯಲ್ಲ."

"ಇದು ಬರೀ ಶಾಸ್ತ್ರಕ್ಕೆ," ಎಂದ ಸೆಲ್ಮರ್.

"ಮೂವತ್ತೊಂದು ವರ್ಷದ ಹಿಂದೆ ನಮ್ಮ ಕಚೇರಿ ಕೌಂಟರಿನಲ್ಲೇ ಮದುವೆ ಕಾಗದಕ್ಕೆ ಸಹಿ ಹಾಕ್ದಾಗ್ಲೂ ಶಾಸ್ತ್ರಕ್ಕೆ ಅಂತಲೇ ಹೇಳಿದ್ರು. ಈಗ ವಾಪಸು ತಗೊಂಡಿದ್ದೀನಿ. ಇನ್ನೊಂದ್ಸಲ ಕೊಡಲ್ಲ."

ಕ್ವಾಮ್ ಕನ್ನಡಕ ಒರೆಸಿಕೊಂಡ. ಹಾಗಾದರೆ ಇನ್ನೊಂದೇ ದಾರಿ ಎಂದ. ಕೌಂಟಿಯಲ್ಲಿರುವ ವಯಸ್ಕ ಹೇಗನ್‌ಗಳೆಲ್ಲರೂ ಆ ಮತಗಳು ತಮ್ಮವಲ್ಲ ಎಂದು ಬರೆದುಕೊಡಬೇಕು. ಯಾರೂ ಕೇಳದ ಮತಗಳು ಅನಾಥ. ಆಗ ಅಚ್ಚಾದ ಹೆಸರೇ ಗೆಲ್ಲುತ್ತದೆ. ಒಬ್ಬನಾದರೂ ನನ್ನವು ಎಂದರೆ ವಿಚಾರಣೆ ನಡೆಸಬೇಕು. ಟೆಲಿಫೋನ್ ಪುಸ್ತಕ ತೆಗೆದು ಎಣಿಸಿದೆವು. ಗಂಡಸರು ಹೆಂಗಸರು ಸೇರಿ ತೊಂಬತ್ತಮೂರು ಹೇಗನ್‌ಗಳು. ಗಡುವು ಹತ್ತು ದಿನ.

ಮೊದಲ ಮೂರು ಸಹಿ ಮೇಜಿನ ಮೇಲೇ ಆದವು. ನಾಲ್ಕನೆಯದು ನನ್ನದು. ಅಂದು ಮನೆಗೆ ಹೋದಾಗ ನನ್ನ ಹೆಂಡತಿ ಜಾಯ್ಸ್, "ಹನ್ನೊಂದು ವರ್ಷಕ್ಕೆ ಒಂದು ಸಲ ಹುದ್ದೆ ತಾನಾಗೇ ಕಾಲಿಗೆ ಬಂದು ಬಿತ್ತು, ನೀನು ಅದನ್ನ ದಾಟ್ಕೊಂಡು ಬಂದ್ಯಾ?" ಎಂದಳು. ನಾನು ಊಟಕ್ಕೆ ಕೂತೆ. ತಟ್ಟೆ ಬರಲಿಲ್ಲ.

ಹತ್ತು ದಿನ ನಾನು ಮತ್ತು ಡಾಲಿ ಕೌಂಟಿಯ ಜೀಪಿನಲ್ಲಿ ಊರೂರು ತಿರುಗಿದೆವು. ಹಿಮ ಇನ್ನೂ ಗಟ್ಟಿಯಾಗಿರಲಿಲ್ಲ, ರಸ್ತೆಯೆಲ್ಲ ಕಂದು ಗಂಜಿ. ಷೆರಿಫ್ ತನ್ನ ಕಾರಿನ ಬಾನೆಟ್ಟಿನ ಮೇಲೆ ಸಹಿ ಹಾಕಿದ. ಕಾರೊನರ್ ಹೆಣವೊಂದರ ಪಕ್ಕ ನಿಂತು ಹಾಕಿದ. ಸೇತುವೆಯ ಹತ್ತಿರದ ಹೇಗನ್ ತನ್ನ ಹಸು ಕರು ಹಾಕುವ ತನಕ ಪೆನ್ನು ಮುಟ್ಟುವುದಿಲ್ಲ ಎಂದ. ಡಾಲಿ ಕೋಟು ಕಳಚಿ ಕರುವಿನ ಕಾಲು ಹಿಡಿದು ಎಳೆದರು, ಆಲೂಗಡ್ಡೆ ಬೆಳೆಯುವ ತವರಿನಲ್ಲಿ ಹಸುವೂ ಇತ್ತಂತೆ. ಮಿಂಟ್ ಎಂಬ ಹಳ್ಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಹೇಗನ್. ಮತ ತನ್ನದೇ ಇರಬಹುದು ಎಂದು ಗಂಡ, ನಿನಗೆ ಯಾರು ಹಾಕ್ತಾರೆ ಎಂದು ಹೆಂಡತಿ. ಅರ್ಧ ಗಂಟೆಯ ಜಗಳದ ನಂತರ ಇಬ್ಬರೂ ಇನ್ನೊಬ್ಬರಿಗೆ ಸಿಗಬಾರದೆಂದು ಸಹಿ ಹಾಕಿದರು.

ಡ್ವೇನ್ ನಮಗೆ ಸಿಕ್ಕಿದ್ದು ಒಂದು ಕೊಟ್ಟಿಗೆಯ ಮುಂದೆ, ಟ್ಯಾಂಕರಿಗೆ ಕೊಳವೆ ಜೋಡಿಸುತ್ತಿದ್ದಾಗ. ನಾನು ಜೀಪಿನಲ್ಲೇ ಉಳಿಯಲು ನೋಡಿದೆ. ಡಾಲಿ, "ನೀನು ಸಾಕ್ಷಿ, ಇಳಿ," ಎಂದರು.

ಡ್ವೇನ್ ಕಾಗದ ತೆಗೆದುಕೊಂಡು ಟ್ಯಾಂಕರಿನ ಮೇಲಿಟ್ಟು ಸಹಿ ಹಾಕಿದ. ಎಲ್ಲಿ ಹಾಕಬೇಕೆಂದೂ ಕೇಳಲಿಲ್ಲ. ಆಮೇಲೆ ಹೇಳಿದ, "ನಾನೂ ಆ ಗೆರೆ ಮೇಲೇ ಬರೆದೆ. ನಿನಗೆ ಅಂತ."

"ನನ್ನ ಹೆಸರು ಮೇಲೇ ಇತ್ತಲ್ಲ ಡ್ವೇನ್."

"ಇತ್ತು. ಸ್ಪೆಲ್ಲಿಂಗ್ ನೋಡಿ ಗಾಬರಿ ಆಯ್ತು."

"ಅದು ಅಚ್ಚಾಗಿತ್ತು. ನೀನು ಬರೆಯೋದೇನಿತ್ತು? ಒಂದು ಗುರುತು ಹಾಕಿದ್ರೆ ಮುಗೀತಿತ್ತು."

ಕೊಳವೆಯಲ್ಲಿ ಹಾಲು ಸದ್ದು ಮಾಡುತ್ತ ಏರುತ್ತಿತ್ತು. ಡ್ವೇನ್ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆದುಕೊಂಡ. "ಗುರುತು ಹಾಕ್ದ್ರೆ ನಿನ್ನ ಹೆಸರು ನನ್ನ ಕೈಯಿಂದ ಬರೆದ ಹಾಗೆ ಆಗ್ತಿರ್ಲಿಲ್ಲ," ಎಂದ. ನನಗೆ ಗೊತ್ತಿದ್ದ ಹಾಗೆ ಅವನು ಆಡಿದ ಅತಿ ಉದ್ದದ ಮಾತು ಅದು.

ಡಾಲಿ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಜೀಪು ಹತ್ತಿದ ಮೇಲೆ ಕೈಗವಸು ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಏಳು ವರ್ಷ ಮೊದಲೇ ಈ ಮಾತು ಆಡಿದ್ದಿದ್ರೆ," ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. "ನಡಿ, ಇನ್ನೊಬ್ಬರು ಉಳಿದಿದ್ದಾರೆ."

ಉಳಿದವರು ಡ್ವೇನ್‌ನ ತಾಯಿ ಥೋರಾ ಹೇಗನ್, ಎಂಬತ್ತೆಂಟು ವರ್ಷ, ಚರ್ಚಿನ ವೃದ್ಧಾಶ್ರಮದಲ್ಲಿದ್ದರು. ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂತು ಸಕ್ಕರೆ ಹಚ್ಚಿದ ಲೆಫ್ಸೆ ರೊಟ್ಟಿಯನ್ನು ಸುರುಳಿ ಮಾಡಿ ತಿನ್ನುತ್ತಿದ್ದರು. ಡಾಲಿ ಪಕ್ಕದಲ್ಲಿ ಕೂತು ಎಲ್ಲವನ್ನೂ ನಿಧಾನವಾಗಿ ಹೇಳಿ ಕಾಗದ ಮುಂದಿಟ್ಟರು.

ಥೋರಾ ಓದಿ ಮಡಚಿ ವಾಪಸು ಕೊಟ್ಟರು. "ಸಹಿ ಹಾಕಲ್ಲ ಮಗಾ."

"ಯಾಕತ್ತೆ?"

"ಮತ ನನ್ನವು."

ನಾನು ಅಜ್ಜಿಗೆ ಅರ್ಥವಾಗಿಲ್ಲ ಎಂದುಕೊಂಡು ಇನ್ನೊಮ್ಮೆ ವಿವರಿಸಹೊರಟೆ. ಅವರು ಕೈ ಎತ್ತಿ ತಡೆದರು. "ನಾನು ಕಿವುಡಿ ಇರಬಹುದು ಆರ್ಡನ್, ಪೆದ್ದಿ ಅಲ್ಲ. ಇಲ್ಲಿಗೆ ಮತದ ಪೆಟ್ಟಿಗೆ ತಂದಿದ್ರು. ಆ ಗೆರೆ ನೋಡ್ದೆ. ಯಾರನ್ನ ಬೇಕಾದ್ರೂ ಬರೀರಿ ಅಂದ್ರು. ನನ್ನ ಹೆಸರು ಬರೆದೆ. ಹೇಗನ್. ಜಾಗ ಸಾಲಲಿಲ್ಲ, ಅದಕ್ಕೆ ಅಷ್ಟೇ ಬರೆದೆ."

ಡಾಲಿಯ ಮುಖ ಕೆಂಪಾಯಿತು. "ಅತ್ತೆ, ನಿಮ್ಮ ಮಗನ್ನ ಬಿಟ್ಟೆ ಅಂತ ನನ್ನ ಮೇಲೆ ಸಿಟ್ಟಾ?"

"ಆ ಮೂಕನ್ನ ಮೂವತ್ತೊಂದು ವರ್ಷ ಇಟ್ಕೊಂಡಿದ್ದಕ್ಕೆ ನಿನಗೆ ಪದಕ ಕೊಡಬೇಕು. ಅವನಪ್ಪನೂ ಹಾಗೇ ಇದ್ದ. ಸಿಟ್ಟೇನಿಲ್ಲ." ಥೋರಾ ಬೆರಳಿನ ಸಕ್ಕರೆಯನ್ನು ಒರೆಸಿಕೊಂಡರು. "ನಾನೂ ಬೇರೆ ಹೆಸರಲ್ಲೇ ಹುಟ್ಟಿದವಳು. ಅರವತ್ತೊಂಬತ್ತು ವರ್ಷದಿಂದ ಈ ಹೆಸರು ಹೊತ್ತಿದ್ದೀನಿ. ಹಿಂದೆಲ್ಲ ಗಂಡ ರಸ್ತೆ ಕಮಿಷನರ್ ಆದ, ಮೈದುನ ಷೆರಿಫ್ ಆದ, ಓರಗಿತ್ತಿ ಮಗ ಖಜಾಂಚಿ ಆದ. ನಾನು ಚರ್ಚಿನ ನೆಲಮಾಳಿಗೇಲಿ ಅವರಿಗೆಲ್ಲ ಕಾಫಿ ಕಾಯಿಸಿದೆ. ನಿನಗೆ ಈ ಹೆಸರು ಬೇಡ ಅಂದ್ರೆ ಬಿಟ್ಟುಬಿಡು, ಒಳ್ಳೇದು. ನನಗೆ ಬಿಡೋಕೆ ಈಗ ವಯಸ್ಸಿಲ್ಲ. ಅದರಿಂದ ಒಂದು ಕುರ್ಚಿ ಸಿಗೋ ಹಾಗಿದ್ರೆ ನನಗೇ ಸಿಗ್ಲಿ."

"ನಿಮ್ಮ ಹತ್ರ ಕುರ್ಚಿ ಇದೆಯಲ್ಲ ಅಜ್ಜಿ," ಎಂದೆ ನಾನು, ಗಾಲಿಯ ಕಡೆ ನೋಡಿ. ಬಾಯಿ ತಪ್ಪಿ ಬಂತು.

"ಇದನ್ನ ತಳ್ಳೋಕೆ ಇನ್ನೊಬ್ರು ಬೇಕು," ಎಂದರು ಥೋರಾ.

ವಿಚಾರಣೆಯ ದಿನ ವೃದ್ಧಾಶ್ರಮದ ವ್ಯಾನಿನಲ್ಲಿ ಥೋರಾ ಬಂದರು, ಈಸ್ಟರಿಗೆ ಹಾಕುವ ಟೊಪ್ಪಿ ಹಾಕಿಕೊಂಡು. ಕ್ವಾಮ್ ಪ್ರಮಾಣ ಮಾಡಿಸಿ ಕೇಳಿದ, "ಬರೆಯುವಾಗ ನಿಮ್ಮ ಮನಸ್ಸಲ್ಲಿ ಯಾರಿದ್ರು?"

"ನಾನಿದ್ದೆ."

"ಮಿಕ್ಕ ಸಾವಿರದ ಒಂಬೈನೂರ ಆರು ಜನರ ಮನಸ್ಸಲ್ಲಿ?"

"ಅವರನ್ನ ಕೇಳು. ನನಗೆ ಗೊತ್ತಿರೋದು ನನ್ನದು."

ಕ್ವಾಮ್ ರಾಜಧಾನಿಗೆ ಫೋನ್ ಮಾಡಿದ, ಕಾನೂನಿನ ಎರಡು ಪುಸ್ತಕ ತೆಗೆದ, ಮುಚ್ಚಿದ. ತೊಂಬತ್ತೆರಡು ಹೇಗನ್‌ಗಳು ತಮ್ಮದಲ್ಲ ಎಂದು ಬರೆದುಕೊಟ್ಟಿದ್ದರು. ಉಳಿದವರು ಒಬ್ಬರು. ಗೆರೆಯ ಮೇಲಿನ ಹೆಸರು ತನ್ನದೆಂದು ಪ್ರಮಾಣ ಮಾಡಿ ಹೇಳಿದವರೂ ಅವರೊಬ್ಬರೇ. ಮೂವರೂ ಹೇಗನ್‌ಗಳು ಮುಖ ಮುಖ ನೋಡಿಕೊಂಡು ಕೈ ಎತ್ತಿದರು. ಟಾಮರಾಕ್ ಕೌಂಟಿಯ ಕ್ಲರ್ಕ್ ಆಗಿ ಥೋರಾ ಹೇಗನ್ ೨೬೩ ಮತಗಳ ಅಂತರದಿಂದ ಆಯ್ಕೆಯಾದರು. ಡಾಲಿ ಮೇಲ್ಮನವಿ ಹಾಕಬಹುದಿತ್ತು. ಕ್ವಾಮ್ ಅದನ್ನೇ ಹೇಳಿದ. ಡಾಲಿ ಕಿಟಕಿಯ ಕಡೆ ತಿರುಗಿ ನಿಂತಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು, ಯಾವುದು ಯಾವುದಕ್ಕೆಂದು ನಾನು ಕೇಳಲಿಲ್ಲ.

ಜನವರಿಯ ಮೊದಲ ಸೋಮವಾರ ಥೋರಾ ಅಧಿಕಾರ ವಹಿಸಿಕೊಂಡರು. ಮೊದಲ ಆದೇಶ, ಡಾಲಿ ಅವರ ಮುಖ್ಯ ಸಹಾಯಕಿ. ಎರಡನೆಯದು, ನಾನು ಸಹಾಯಕಿಯ ಸಹಾಯಕ. ಜಾಯ್ಸ್‌ಗೆ ಇದನ್ನು ತಿಳಿಸಲು ನನಗೆ ಎರಡು ವಾರ ಬೇಕಾಯಿತು. ಥೋರಾ ಮಂಗಳವಾರ ಮತ್ತು ಶುಕ್ರವಾರ ಬರುತ್ತಿದ್ದರು. ಡಾಲಿ ಗುರುತಿಟ್ಟ ಕಡೆ ಸಹಿ ಹಾಕಿ, ಹತ್ತೂವರೆಗೆ ನಿದ್ದೆ ಹೋಗುತ್ತಿದ್ದರು. ಆದರೆ ಮದುವೆಯ ಪರವಾನಗಿಗೆ ಯಾರು ಬಂದರೂ ಎಬ್ಬಿಸಬೇಕೆಂಬುದು ಅವರ ಕಟ್ಟಪ್ಪಣೆ. ಎದ್ದು, ಹುಡುಗಿಯನ್ನು ಹತ್ತಿರ ಕರೆದು, ಜೋರಾಗಿ ಕೇಳುತ್ತಿದ್ದರು, "ಇವನ ಹೆಸರು ತಗೋತೀಯಾ? ಯೋಚನೆ ಮಾಡು. ತಗೊಳ್ಳೋಕೆ ಎರಡು ನಿಮಿಷ. ವಾಪಸು ಕೊಡೋಕೆ ಏನೇನಾಗುತ್ತೆ ಅಂತ ಆ ಮೇಜಿನವಳನ್ನ ಕೇಳು."

ಡಾಲಿ ತಲೆ ಎತ್ತದೆ ಟೈಪು ಮಾಡುತ್ತಿದ್ದರು. ಕೆಲವು ಜೋಡಿಗಳು ಹೊರಗೆ ಕಾರಿನಲ್ಲಿ ಕೂತು ಜಗಳವಾಡಿ ವಾಪಸು ಬಂದವು. ಒಂದು ಜೋಡಿ ಬರಲೇ ಇಲ್ಲ. ಏಪ್ರಿಲಿನಲ್ಲಿ ಒಬ್ಬ ಹುಡುಗ ತಾನೇ ಹುಡುಗಿಯ ಹೆಸರು ತೆಗೆದುಕೊಂಡ. ಅವನು ಹೇಗನ್ ಆಗಿದ್ದ, ಅವನ ಅಪ್ಪ ಸೆಲ್ಮರ್.

ಸೆಲ್ಮರ್ ಅಂದು ಮಧ್ಯಾಹ್ನವೇ ಬಂದು ಕಿರುಚಾಡಿದ. ಥೋರಾ ನಿದ್ದೆ ಹೋದವರಂತೆ ಕೂತಿದ್ದರು. ಅವನು ಹೋದ ಮೇಲೆ ಒಂದು ಕಣ್ಣು ತೆರೆದು, "ಹೋದ್ನಾ?" ಎಂದರು.

ಅಧಿಕಾರಕ್ಕೆ ಬಂದ ಎರಡನೆಯ ವರ್ಷದ ಫೆಬ್ರವರಿಯಲ್ಲಿ ಥೋರಾ ನಿಮೋನಿಯಾದಿಂದ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಕೌಂಟಿಯ ಎಲ್ಲ ಹೇಗನ್‌ಗಳೂ ಬಂದಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಡಾಲಿ ಕಾಫಿ ಸುರಿಯಲು ಹೋದಾಗ ಡ್ವೇನ್ ಪಾತ್ರೆಯನ್ನು ಆಕೆಯ ಕೈಯಿಂದ ತೆಗೆದುಕೊಂಡು ತಾನೇ ಬಡಿಸಿದ. ಒಂದು ಮಾತೂ ಆಡದೆ, ಅರ್ಧ ಕಾಫಿಯನ್ನು ಬಟ್ಟಲಿನ ಹೊರಗೆ ಚೆಲ್ಲುತ್ತ.

ಖಾಲಿಯಾದ ಹುದ್ದೆಯನ್ನು ತುಂಬುವುದು ಮಂಡಳಿಯ ಕೆಲಸ. ಖಜಾಂಚಿ, ಷೆರಿಫ್ ಇಬ್ಬರನ್ನೂ ಕೂರಿಸಿಕೊಂಡು ಸಭೆ ಸೇರಿತು. ಕೌಂಟಿಯ ಕಾಗದ ಎಲ್ಲಿದೆ ಎಂದು ಗೊತ್ತಿದ್ದವರು ಒಬ್ಬರೇ, ಅದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಕ್ವಾಮ್ ಎದ್ದು ನಿಂತು, ಹಿಂದಿನ ಗೊಂದಲ ಮತ್ತೆ ಬೇಡ, ನೇಮಕವಾಗುವವರ ಪೂರ್ತಿ ಹೆಸರನ್ನು ಅಧ್ಯಕ್ಷರು ಬಾಯಿಬಿಟ್ಟು ಹೇಳಬೇಕು, ಅನುಮೋದಿಸುವವರೂ ಹೇಳಬೇಕು, ನಡಾವಳಿಯಲ್ಲಿ ಹಾಗೇ ಬರಬೇಕು ಎಂದ. ನಡಾವಳಿ ಬರೆಯುತ್ತಿದ್ದವನು ನಾನು.

ಸೆಲ್ಮರ್ ಕನ್ನಡಕ ಹಾಕಿಕೊಂಡು ಕಾಗದ ದೂರ ಹಿಡಿದ. "ಡಲೋರಿಸ್ ಪ್ರಿಜ್... ಪ್ರಿಜಬಿ..."

"ಅಲ್ಲ," ಎಂದರು ಡಾಲಿ.

"ಡಾಲಿ ಪಿ. ಅಂತ ಬರ್ಕೋ ಆರ್ಡನ್."

"ಬರ್ಕೋಬೇಡ ಆರ್ಡನ್."

ನಾನು ಪೆನ್ನು ಎತ್ತಿ ಹಿಡಿದೆ. ಖಜಾಂಚಿ ತಾನು ಪ್ರಯತ್ನಿಸುತ್ತೇನೆಂದು ಬಿಲ್ಬಿಸ್ಕಿಯ ತನಕ ಹೋಗಿ ನಿಂತ. ಷೆರಿಫ್ ಮೊದಲನೆಯ ಅಕ್ಷರಕ್ಕೇ ಸೀನಿದ. ಡಾಲಿ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣದಿಂದ ಹೆಸರನ್ನು ಮೂರು ತುಂಡು ಮಾಡಿ ಬರೆದರು, ಶಾಲೆಯಲ್ಲಿ ಬರೆಯುವ ಹಾಗೆ. "ಬೆಕ್ಕನ್ನ ಓಡಿಸುವಾಗ ಏನಂತೀರಿ? ಪ್ಶ್ ಅಂತ. ಹಾಗೆ ಶುರುಮಾಡಿ," ಎಂದರು.

ಐದು ಜನ ಹೇಗನ್‌ಗಳು ಮೇಜಿನ ಸುತ್ತ ಕೂತು ಒಟ್ಟಿಗೆ ಬೆಕ್ಕು ಓಡಿಸಿದರು. ಹೊರಗಿನ ಪಡಸಾಲೆಯಲ್ಲಿ ತೆರಿಗೆ ಕಟ್ಟಲು ಬಂದವರು ಬಾಗಿಲಲ್ಲಿ ಇಣುಕಿದರು. ನಾಲ್ಕನೆಯ ಸಲ ಸೆಲ್ಮರ್ ಎದ್ದು ನಿಂತು, ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ ಒಂದೇ ಏಟಿಗೆ ಹೇಳಿ ಮುಗಿಸಿದ. ಹಣೆಯಲ್ಲಿ ಬೆವರಿತ್ತು.

"ಸರಿ ಬಂತಾ?" ಎಂದು ಕೇಳಿದ.

"ಹತ್ತಿರ ಬಂತು," ಎಂದರು ಡಾಲಿ. "ಇನ್ನೊಂದ್ಸಲ."